ಪುನರುಕ್ತತೆಯ ಪ್ರಯೋಜನ: ಬೆಲ್ ಪ್ರಯೋಗಾಲಯದ ಸಂಶೋಧನೆ ಮತ್ತು ಕನ್ನಡ ಗ್ರಂಥಸಂಪಾದನೆ

1

ನಮ್ಮ ಅಲಂಕಾರಶಾಸ್ತ್ರವು ಪುನರುಕ್ತಿಯನ್ನು ಕಾವ್ಯದೋಷಗಳಲ್ಲಿ ಒಂದೆಂದು ಪರಿಗಣಿಸಿದೆ. ಆದರೆ ನಮ್ಮ ಛಂದಶ್ಶಾಸ್ತ್ರವು ವಿಧಿಸುವ ಪ್ರಾಸವೂ ಮಾತ್ರಾಗಣಗಳ ನಿಯಮವೂ ಪುನರಾವರ್ತನೆಯ ಮೇಲೆಯೇ ನಿಂತಿವೆ. ಒಂದೆಡೆ ದೋಷವೆನಿಸಿದ್ದು ಇನ್ನೊಂದೆಡೆ ನಿಯಮವಾದುದಕ್ಕೆ ಶ್ರವಣಸೌಖ್ಯವೊಂದೇ ಕಾರಣವಾಗಿರಲಾರದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ದೂರವಾಣಿ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನಡೆದ ಸಂಶೋಧನೆಯು ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ನೋಡಲು ಅವಕಾಶ ಕಲ್ಪಿಸುತ್ತದೆ. ಆ ಸಂಶೋಧನೆಯ ಸ್ವರೂಪವನ್ನು ಪರಿಚಯಿಸಿ, ಗ್ರಂಥಸಂಪಾದನೆಯ ಕ್ಷೇತ್ರದಲ್ಲಿ ಅದು ಎಷ್ಟರಮಟ್ಟಿಗೆ ಉಪಯುಕ್ತ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಬೆಲ್ ಪ್ರಯೋಗಾಲಯವು 1925ರಲ್ಲಿ ಸ್ಥಾಪನೆಗೊಂಡಿತು. ಅಮೆರಿಕದ ದೂರವಾಣಿ ಸೇವೆಯಲ್ಲಿ ಬಹುಪಾಲು ಏಕಸ್ವಾಮ್ಯ ಹೊಂದಿದ್ದ ಎ.ಟಿ. ಅಂಡ್ ಟಿ. ಮತ್ತು ಅದರ ಉತ್ಪಾದನಾ ಅಂಗವಾದ ವೆಸ್ಟರ್ನ್ ಎಲೆಕ್ಟ್ರಿಕ್ ಇದರ ಒಡೆತನ ಹೊಂದಿದ್ದವು. ಆದಾಯ ಸ್ಥಿರವಾಗಿದ್ದುದರಿಂದ ತಕ್ಷಣದ ಲಾಭ ಕಾಣದ ಮೂಲಭೂತ ಸಂಶೋಧನೆಗೂ ಅಲ್ಲಿ ಎಡೆಯಿತ್ತು. ಭೌತವಿಜ್ಞಾನಿಗಳು, ಗಣಿತಜ್ಞರು, ಎಂಜಿನಿಯರುಗಳು ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. 1947ರ ಡಿಸೆಂಬರಿನಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡದ್ದು ಅಲ್ಲಿಯೇ.

ಅದರ ಮರುವರ್ಷ ಕ್ಲಾಡ್ ಶ್ಯಾನನ್ ತಮ್ಮ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಯೋಗಾಲಯದ ತಾಂತ್ರಿಕ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಪ್ರಕಟಿಸಿದರು. ಸದ್ದುಗದ್ದಲ ತುಂಬಿದ ತಂತಿಯ ಮೂಲಕ ಸಂದೇಶವನ್ನು ತಪ್ಪಿಲ್ಲದೆ ಮುಟ್ಟಿಸುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಪ್ರಮುಖವಾದುದು. ಇದಕ್ಕಾಗಿ ಅವರು ಸಂದೇಶದ ಅರ್ಥವನ್ನು ಉದ್ದೇಶಪೂರ್ವಕವಾಗಿ ಬದಿಗಿರಿಸಿದರು. ಸಂಭವನೀಯ ಸಂದೇಶಗಳ ಸಮೂಹದಿಂದ ಒಂದನ್ನು ಆರಿಸುವುದೇ ಮಾಹಿತಿ. ಮುಂದಿನ ಅಕ್ಷರವನ್ನು ಎಷ್ಟು ಸುಲಭವಾಗಿ ಊಹಿಸಬಹುದೋ ಅದು ಹೊತ್ತು ತರುವ ಮಾಹಿತಿ ಅಷ್ಟು ಕಡಿಮೆ. ಹೀಗೆ ಊಹೆಗೆ ಸಿಕ್ಕುವ ಭಾಗವನ್ನೇ ಇಲ್ಲಿ ಪುನರುಕ್ತತೆ ಎಂದು ಕರೆಯಲಾಗಿದೆ.

ಶ್ಯಾನನ್ ಅವರ ಉದಾಹರಣೆಗಳು ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲಕರವಾಗಿವೆ. ಇಂಗ್ಲಿಷ್ ಗದ್ಯದ ಪುನರುಕ್ತತೆಯ ಎರಡು ತುದಿಗಳಾಗಿ ಅವರು ಹೆಸರಿಸಿದ್ದು ಮಿತ ಪದಕೋಶದ ಬೇಸಿಕ್ ಇಂಗ್ಲಿಷನ್ನು ಮತ್ತು ಜೇಮ್ಸ್ ಜಾಯ್ಸ್‌ನ ಕೊನೆಯ ಕಾದಂಬರಿಯನ್ನು. ಅವರು ಬಳಸಿಕೊಂಡ ಗಣಿತ ಕ್ರಮವೂ ಸಾಹಿತ್ಯಕ್ಕೆ ಹೊರತಾದುದಲ್ಲ. ರಷ್ಯದ ಗಣಿತಜ್ಞ ಮಾರ್ಕೋವ್ 1913ರಲ್ಲಿ ಪುಷ್ಕಿನ್ನನ ಪದ್ಯಕಾದಂಬರಿಯ 20,000 ಅಕ್ಷರಗಳಲ್ಲಿ ಸ್ವರ-ವ್ಯಂಜನಗಳ ಅನುಕ್ರಮವನ್ನು ಎಣಿಸಿದ್ದನು. 1951ರಲ್ಲಿ ಶ್ಯಾನನ್ ಓದುಗರಿಂದ ಮುಂದಿನ ಅಕ್ಷರವನ್ನು ಊಹಿಸಿಸಿ, ದೀರ್ಘ ಸಂದರ್ಭ ತಿಳಿದಿದ್ದಾಗ ಮುದ್ರಿತ ಇಂಗ್ಲಿಷಿನ ಪುನರುಕ್ತತೆ ಸುಮಾರು ಶೇ. 75ರಷ್ಟಿರಬಹುದೆಂದು ಅಂದಾಜಿಸಿದರು.

3

ಪುನರುಕ್ತತೆ ವ್ಯರ್ಥವಲ್ಲ, ಅದು ರಕ್ಷಣೆ ಎಂಬುದು ಈ ಸಿದ್ಧಾಂತದ ಮುಖ್ಯ ಫಲಿತಗಳಲ್ಲೊಂದು. ಇದನ್ನು ಕಾರ್ಯರೂಪಕ್ಕಿಳಿಸಿದವರಲ್ಲಿ ಮೊದಲಿಗರು ಅದೇ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್. ಅಲ್ಲಿನ ರಿಲೇ ಗಣಕಗಳು ತಪ್ಪು ಸಂಭವಿಸಿದೆಯೆಂದು ಗುರುತಿಸಬಲ್ಲವಾಗಿದ್ದವು. ಆದರೆ ವಾರಾಂತ್ಯದಲ್ಲಿ ನೋಡಿಕೊಳ್ಳುವವರಿಲ್ಲದಾಗ ತಪ್ಪು ಕಂಡರೆ ಆ ಲೆಕ್ಕವನ್ನೇ ಕೈಬಿಟ್ಟು ಮುಂದಿನದಕ್ಕೆ ಸಾಗುತ್ತಿದ್ದವು. ತಪ್ಪನ್ನು ಗುರುತಿಸಬಲ್ಲ ಯಂತ್ರ ಅದರ ಸ್ಥಾನವನ್ನೂ ಕಂಡು ತಿದ್ದಬಾರದೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ 1950ರಲ್ಲಿ ಹ್ಯಾಮಿಂಗ್ ಅವರ ಲೇಖನ ಪ್ರಕಟವಾಯಿತು. ನಾಲ್ಕು ಅಂಕೆಗಳ ಸಂದೇಶಕ್ಕೆ ಮೂರು ಕಾವಲು ಅಂಕೆಗಳನ್ನು ಸೇರಿಸಿದರೆ, ಏಳರಲ್ಲಿ ಯಾವುದೇ ಒಂದು ಕೆಟ್ಟರೂ ಅದನ್ನು ಗುರುತಿಸಿ ಸರಿಪಡಿಸಬಹುದು. ತಪ್ಪನ್ನು ಗುರುತಿಸುವುದಕ್ಕೆ ಬೇಕಾದ ಪುನರುಕ್ತತೆ ಕಡಿಮೆ, ತಿದ್ದುವುದಕ್ಕೆ ಬೇಕಾದುದು ಹೆಚ್ಚು ಎಂಬ ವ್ಯತ್ಯಾಸ ಇಲ್ಲಿ ಗಮನಾರ್ಹವಾದುದು.

4

ಓಲೆಗರಿಯ ಪರಂಪರೆಯನ್ನೂ ಹೀಗೊಂದು ಸದ್ದುಗದ್ದಲದ ಮಾರ್ಗವೆಂದು ಭಾವಿಸಬಹುದು. ಕವಿಯ ಪಾಠವು ಒಬ್ಬ ಲಿಪಿಕಾರನಿಂದ ಮತ್ತೊಬ್ಬನಿಗೆ ಸಾಗುವಾಗ ಲೋಪ, ಸೇರ್ಪಡೆ, ಪಲ್ಲಟಗಳು ಸಂಭವಿಸುತ್ತವೆ. ಪ್ರಾಸ ಮತ್ತು ಛಂದಸ್ಸಿನ ನೆರವಿನಿಂದ ಇವುಗಳನ್ನು ಗುರುತಿಸುವುದು ನಮ್ಮ ಸಂಪಾದಕರಿಗೆ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಈ ಎರಡು ಸಾಧನಗಳ ಶಕ್ತಿ ಒಂದೇ ಬಗೆಯದಲ್ಲ.

ಕಂದಪದ್ಯವನ್ನು ತೆಗೆದುಕೊಳ್ಳೋಣ. ಅದರ ಒಂದು ಮತ್ತು ಮೂರನೆಯ ಪಾದಗಳಲ್ಲಿ ತಲಾ 12, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ತಲಾ 20, ಒಟ್ಟು 64 ಮಾತ್ರೆಗಳು. ಆದಿಪ್ರಾಸದ ನಿಯಮದಂತೆ ಮೊದಲ ಪಾದದ ಎರಡನೆಯ ಅಕ್ಷರದ ವ್ಯಂಜನವು ನಿಶ್ಚಿತವಾದೊಡನೆ ಉಳಿದ ಮೂರು ಪಾದಗಳಲ್ಲಿಯೂ ಅದು ನಿಶ್ಚಿತವಾಗುತ್ತದೆ. ಶ್ಯಾನನ್ ಅವರ ದೃಷ್ಟಿಯಲ್ಲಿ ಆ ಮೂರು ವ್ಯಂಜನಗಳು ಹೊಸ ಮಾಹಿತಿಯನ್ನೇನೂ ತರುವುದಿಲ್ಲ. ಸಂಪಾದಕನಿಗೆ ಮಾತ್ರ ಅವು ಸಾಕ್ಷಿಗಳು. ಒಂದು ಪಾದದಲ್ಲಿ ವ್ಯಂಜನ ಕೆಟ್ಟಿದ್ದರೆ ಉಳಿದ ಮೂರು ಸೇರಿ ತಪ್ಪಿನ ಸ್ಥಾನವನ್ನೂ ಸರಿಯಾದ ವ್ಯಂಜನವನ್ನೂ ಸೂಚಿಸುತ್ತವೆ. ಆದ್ದರಿಂದ ಪ್ರಾಸವು ತಿದ್ದುವ ಪುನರುಕ್ತತೆ. ಅದರ ವ್ಯಾಪ್ತಿ ಕಿರಿದು. ಆ ವ್ಯಂಜನಕ್ಕೆ ಸೇರಿದ ಸ್ವರವು ಪಾದದಿಂದ ಪಾದಕ್ಕೆ ಬದಲಾಗಬಹುದಾದುದರಿಂದ ಸ್ವರದ ತಪ್ಪು ಅದಕ್ಕೆ ಕಾಣುವುದಿಲ್ಲ.

ಮಾತ್ರೆಗಳ ಲೆಕ್ಕದ ವ್ಯಾಪ್ತಿ ಇಡೀ ಪಾದಕ್ಕೆ ಹರಡಿದೆ. ಶಕ್ತಿ ಮಾತ್ರ ಕಡಿಮೆ. ಒಂದು ಮಾತ್ರೆ ಕೊರತೆಯಾದರೆ ತಪ್ಪಿದೆಯೆಂದು ತಿಳಿಯುತ್ತದೆ, ಸರಿಯಾದ ಪಾಠ ಯಾವುದೆಂದು ಅದರಿಂದಲೇ ತಿಳಿಯುವುದಿಲ್ಲ. ಎರಡು ತಪ್ಪುಗಳು ಪರಸ್ಪರ ಸರಿದೂಗಿದರೆ ತಪ್ಪಿದೆಯೆಂಬುದೂ ಮರೆಯಾಗಬಹುದು. ಆದ್ದರಿಂದ ಇದು ಮುಖ್ಯವಾಗಿ ಗುರುತಿಸುವ ಪುನರುಕ್ತತೆ. ಆದರೆ ಆಯ್ಕೆಗಳು ಎರಡೇ ಇರುವಲ್ಲಿ ಅದು ನಿರ್ಣಾಯಕವಾಗಬಲ್ಲದು. ಹಳೆಯ ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಒಕಾರ-ಓಕಾರಗಳ ಭೇದವನ್ನು ಬರಹದಲ್ಲಿ ತೋರಿಸುತ್ತಿರಲಿಲ್ಲ. ಪ್ರತಿಯಲ್ಲಿರುವುದು ‘ಕೊಡು’ ಎಂದೋ ‘ಕೋಡು’ ಎಂದೋ ಎಂಬ ಸಂದೇಹ ಬಂದಾಗ ಮೊದಲನೆಯದು ಎರಡು ಮಾತ್ರೆ, ಎರಡನೆಯದು ಮೂರು ಮಾತ್ರೆ ಎಂಬ ಅಂಶವೇ ತೀರ್ಮಾನ ನೀಡುತ್ತದೆ.

ಇನ್ನೊಂದು ಸಂದರ್ಭವನ್ನು ನೋಡಬಹುದು. ಪಕಾರ-ವಕಾರಗಳು ಬರಹದಲ್ಲಿ ಒಂದನ್ನೊಂದು ಹೋಲುತ್ತವೆ. ‘ಪರ’ ಮತ್ತು ‘ವರ’ ಎಂಬ ಪಾಠಾಂತರಗಳು ದೊರೆತರೆ ಎರಡಕ್ಕೂ ಎರಡೆರಡು ಮಾತ್ರೆ. ಪಾದದ ಆದಿಯಲ್ಲಿದ್ದರೂ ಪ್ರಾಸವ್ಯಂಜನ ಎರಡರಲ್ಲಿಯೂ ರಕಾರವೇ. ಇಲ್ಲಿ ರಚನೆಯ ಪುನರುಕ್ತತೆ ಮೌನವಾಗುತ್ತದೆ. ನಿರ್ಣಯಿಸಬೇಕಾದುದು ಸಂದರ್ಭ, ಕವಿಯ ಶೈಲಿ, ಪ್ರತಿಗಳ ಪ್ರಾಮಾಣ್ಯ; ಎಂದರೆ ಶ್ಯಾನನ್ ಬದಿಗಿರಿಸಿದ ಅರ್ಥವನ್ನು ಸಂಪಾದಕನು ಮರಳಿ ಕರೆತರಲೇಬೇಕಾಗುತ್ತದೆ.

5

ಈ ಹೋಲಿಕೆಗೆ ಇನ್ನೊಂದು ಮಿತಿಯೂ ಇದೆ. ಹ್ಯಾಮಿಂಗ್ ಅವರ ವ್ಯವಸ್ಥೆಯಲ್ಲಿ ಕಳುಹಿಸುವವನು ನಿಯಮವನ್ನು ಮುರಿಯುವುದಿಲ್ಲ. ನಿಯಮಭಂಗವೆಂದರೆ ಮಾರ್ಗದ ದೋಷವೇ. ಕವಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಛಂದಸ್ಸು ಕೆಟ್ಟಿತೆಂಬ ಒಂದೇ ಕಾರಣದಿಂದ ಪ್ರತಿಗಳ ಬೆಂಬಲವಿಲ್ಲದೆ ತಿದ್ದಿದ ಪಾಠವು ಸಂಪಾದಕನ ಪದ್ಯವಾಗಬಹುದೇ ಹೊರತು ಕವಿಯ ಪದ್ಯವಾಗಲಾರದು.

ವಡ್ಡಾರಾಧನೆಯಂತಹ ಗದ್ಯಕ್ಕೂ ವಚನಗಳಿಗೂ ಪ್ರಾಸ-ಮಾತ್ರೆಗಳ ಈ ಕಾವಲಿಲ್ಲ. ವಾಕ್ಯವು ವ್ಯಾಕರಣಬದ್ಧವಾಗಿಯೇ ಉಳಿದು ಪದವೊಂದು ಬದಲಾದರೆ ಪಾಠದೊಳಗಿನ ಯಾವ ಲೆಕ್ಕವೂ ಅದನ್ನು ತೋರಿಸುವುದಿಲ್ಲ. ಇಂತಹ ಕೃತಿಗಳಿಗೆ ಇರುವ ಪ್ರಧಾನ ರಕ್ಷಣೆಯೆಂದರೆ ಪ್ರತಿಗಳ ಸಂಖ್ಯೆಯೇ. ಆದ್ದರಿಂದ ಗದ್ಯಕೃತಿಯ ಒಂದು ಹಸ್ತಪ್ರತಿ ನಾಶವಾದರೆ ಆಗುವ ನಷ್ಟವು ಚಂಪೂಕೃತಿಯ ಒಂದು ಪ್ರತಿ ಹೋದಾಗ ಆಗುವುದಕ್ಕಿಂತ ದೊಡ್ಡದೆಂದು ಹೇಳಬಹುದು. ಸಂರಕ್ಷಣೆಯ ಆದ್ಯತೆಯನ್ನು ನಿರ್ಧರಿಸುವಾಗ ಈ ಅಂಶಕ್ಕೆ ಸ್ಥಾನ ದೊರೆಯಬೇಕು.

6

ಕಾವ್ಯಗಳು ಗಣಕಕ್ಕೆ ಸೇರುತ್ತಿರುವ ಇಂದು ಲಿಪಿಕಾರನ ಸ್ಥಾನದಲ್ಲಿ ಬೆರಳಚ್ಚುಗಾರನೂ ಯಂತ್ರವೂ ಇವೆ. ಅಲ್ಲಿಯೂ ಬೆಲ್ ಪ್ರಯೋಗಾಲಯದ ಕೊಡುಗೆಯಿದೆ. ಯೂನಿಕೋಡ್ ಅಕ್ಷರಗಳನ್ನು ಸಂಗ್ರಹಿಸುವ ಯುಟಿಎಫ್-8 ಕ್ರಮವನ್ನು 1992ರಲ್ಲಿ ರೂಪಿಸಿದವರು ಅಲ್ಲಿನ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಇದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 24 ಬಿಟ್‌ಗಳು. ಅವುಗಳಲ್ಲಿ 16 ಸಂಕೇತವನ್ನು ಹೊತ್ತರೆ 8 ಅದರ ಆರಂಭ ಮತ್ತು ಮುಂದುವರಿಕೆಗಳನ್ನು ಸೂಚಿಸುತ್ತವೆ. ನಡುವೆ ಒಂದು ತುಣುಕು ಕಳೆದುಹೋದರೂ ಮುಂದಿನ ಸಂಕೇತದಿಂದ ಓದು ಮತ್ತೆ ಸರಿಯಾಗುತ್ತದೆ. ಆದರೆ ‘ಪರ’ದ ಬದಲು ‘ವರ’ ಎಂದು ಅಚ್ಚಾದುದನ್ನು ಈ ಕ್ರಮ ತಿಳಿಯಲಾರದು. ಪ್ರಾಸ ತಪ್ಪಿದ, ಮಾತ್ರೆ ಕೆಟ್ಟ ಪಾದಗಳನ್ನು ಗಣಕದಿಂದಲೇ ಪಟ್ಟಿಮಾಡಿಸುವುದು ಸಾಧ್ಯ. ಅಂಕೀಕರಣದ ಪ್ರತಿಯೊಂದು ಯೋಜನೆಯಲ್ಲಿಯೂ ಇದು ಪ್ರಾಥಮಿಕ ಹಂತವಾಗಬೇಕು. ಪಟ್ಟಿಯಲ್ಲಿನ ಒಂದೊಂದು ಪಾದವನ್ನೂ ಪ್ರತಿಗಳೊಡನೆ ಹೋಲಿಸಿ ನಿರ್ಣಯಿಸುವ ಹೊಣೆ ಭಾಷೆಯನ್ನು ಬಲ್ಲ ವಿದ್ವಾಂಸನದು.

ದೂರವಾಣಿ ಏಕಸ್ವಾಮ್ಯವು 1984ರಲ್ಲಿ ವಿಭಜನೆಗೊಂಡ ಬಳಿಕ ಬೆಲ್ ಪ್ರಯೋಗಾಲಯವು ಕೈಯಿಂದ ಕೈಗೆ ಸಾಗಿ 2016ರಲ್ಲಿ ನೋಕಿಯಾ ಸಂಸ್ಥೆಯನ್ನು ಸೇರಿತು. ಮೂಲಭೂತ ಸಂಶೋಧನೆಗೆ ಒದಗಿದ್ದ ಆಶ್ರಯವೂ ಈ ನಡುವೆ ಕುಗ್ಗಿತು. ತಂತಿಯ ಸದ್ದನ್ನು ಗೆಲ್ಲಲು ಅಲ್ಲಿ ಹುಟ್ಟಿದ ವಿಚಾರವು, ಪ್ರಾಸ-ಛಂದಸ್ಸುಗಳು ಕಾವ್ಯಕ್ಕೆ ಅಲಂಕಾರ ಮಾತ್ರವಲ್ಲದೆ ಪಾಠದ ಕಾವಲೂ ಹೌದೆಂಬುದನ್ನು ನಿಖರವಾಗಿ ವಿವರಿಸಲು ನಮಗೆ ನೆರವಾಗುತ್ತದೆ.