ನಡಿಗೆಗೆ ಮೊದಲೋ ಆಮೇಲೋ: ಬೊಜ್ಜು ಕರಗಿಸುವವರ ಊಟದ ಹೊತ್ತು

ಬೆಳಗಿನ ವಾಕಿಂಗ್ ಮಾಡುವವರಲ್ಲಿ ಎರಡು ಪಕ್ಷಗಳಿವೆ. ‘ಕಾಫಿಯನ್ನೂ ಮುಟ್ಟಬಾರದು ಕಣಣ್ಣ, ಬರೀ ಹೊಟ್ಟೇಲಿ ನಡೆದ್ರೇನೇ ಬೊಜ್ಜು ಕರಗೋದು’ ಎನ್ನುವವರದು ಒಂದು. ‘ಹೊಟ್ಟೆಗೇನಾದ್ರೂ ಹಾಕ್ಕೊಂಡು ಹೋಗಪ್ಪಾ, ತಲೆ ಸುತ್ತಿ ಬಿದ್ದೀಯ’ ಎನ್ನುವ ಮನೆಯ ಹಿರಿಯರದು ಇನ್ನೊಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ಹೋದರೂ ಈ ವಾದ ಮುಗಿದಿಲ್ಲ.

ಮೊದಲ ಪಕ್ಷದವರ ಮಾತು ಪೂರಾ ಸುಳ್ಳಲ್ಲ. ರಾತ್ರಿ ಊಟವಾಗಿ ಎಂಟು ಹತ್ತು ಗಂಟೆ ಕಳೆದಾಗ ರಕ್ತದಲ್ಲಿ ಇನ್ಸುಲಿನ್ ಕಡಿಮೆ ಇರುತ್ತದೆ. ಆಗ ನಡೆದರೆ ದೇಹ ಕೊಬ್ಬನ್ನೇ ಹೆಚ್ಚು ಉರಿಸುತ್ತದೆ. ಆದರೆ ಅದು ಆ ಒಂದು ಗಂಟೆಯ ಮಾತು. ಉಳಿದ ಇಪ್ಪತ್ಮೂರು ಗಂಟೆಯಲ್ಲಿ ದೇಹ ಅದನ್ನು ಸರಿದೂಗಿಸಿಕೊಳ್ಳುತ್ತದೆ. 2014ರಲ್ಲಿ ಅಮೆರಿಕದ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 20 ಯುವತಿಯರನ್ನು ಎರಡು ಗುಂಪು ಮಾಡಿ ನೋಡಿದರು. ನಾಲ್ಕು ವಾರ, ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ ವ್ಯಾಯಾಮ. ಒಂದು ಗುಂಪು ಬರೀ ಹೊಟ್ಟೆಯಲ್ಲಿ, ಇನ್ನೊಂದು ತಿಂದು. ಊಟದ ಮಿತಿ ಎರಡಕ್ಕೂ ಒಂದೇ. ಎರಡೂ ಗುಂಪಿನವರ ತೂಕ ಇಳಿಯಿತು, ಕೊಬ್ಬು ಇಳಿಯಿತು, ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಒಪ್ಪೋಣ. ಆದರೂ ಗಡಿಯಾರ ನೋಡಿ ಹಸಿದುಕೊಂಡಿರುವುದರಲ್ಲಿ ಮಹಾ ಲಾಭವೇನೂ ಇಲ್ಲ ಎನ್ನುವುದಕ್ಕೆ ಸಾಕು. ಹಾಗಿದ್ದರೆ ಹೊತ್ತಿಗೆ ಬೆಲೆಯೇ ಇಲ್ಲವೇ? ಇದೆ. ಅದು ಬೇರೆ ಕಡೆ ಇದೆ.

ಹಂತ 1: ನಡಿಗೆಯ ನಂತರದ ಒಂದು ಗಂಟೆಯನ್ನು ಕಾಯಿರಿ

65 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲರಿ. ಒಂದು ಕಿಲೋ ಕೊಬ್ಬು ಇಳಿಯಬೇಕಾದರೆ ಸುಮಾರು 7,700 ಕ್ಯಾಲರಿ ಕೊರತೆ ಬೀಳಬೇಕು. ಈಗ ಭಾನುವಾರದ ಒಂದು ಬೆಳಗನ್ನು ನೋಡಿ. ರಾಮದೇವರ ಬೆಟ್ಟ ಹತ್ತಿ ಇಳಿದು, ಗಾಡಿ ನೇರವಾಗಿ ಬಿಡದಿ ಕಡೆ ತಿರುಗುತ್ತದೆ. ಎರಡು ತಟ್ಟೆ ಇಡ್ಲಿ, ಮೇಲೊಂದು ಉಂಡೆ ಬೆಣ್ಣೆ, ‘ಬೆಟ್ಟ ಹತ್ತಿದೀವಲ್ಲ’ ಅಂತ ಒಂದು ವಡೆ, ಕೊನೆಗೆ ಸಕ್ಕರೆ ಮುಂದಾಗಿ ಕಾಫಿ. ಆ ಬೆಣ್ಣೆಯೇ ಒಂದು ದೊಡ್ಡ ಚಮಚವಿದ್ದರೆ ಸುಮಾರು 100 ಕ್ಯಾಲರಿ. ಇಡ್ಲಿಯ ಮೇಲೆ ನನಗೇನೂ ಸಿಟ್ಟಿಲ್ಲ; ಬೆಣ್ಣೆ ಮತ್ತು ವಡೆಯಲ್ಲಿ ಒಂದನ್ನು ಬಿಟ್ಟರೂ ಬೆಟ್ಟ ಹತ್ತಿದ್ದು ದಂಡವಾಗುವುದಿಲ್ಲ. ನಮ್ಮ ಕಡೆ ವ್ಯಾಯಾಮ ಮಾಡಿಯೂ ಸೊಂಟ ಇಳಿಯದವರಲ್ಲಿ ಬಹಳ ಜನರ ಕಥೆ ಇಲ್ಲೇ ಸಿಕ್ಕಿಕೊಂಡಿದೆ. ಮೂರು ದಿನ ತಿಂದಿದ್ದೆಲ್ಲವನ್ನೂ ಚೀಟಿಯಲ್ಲಿ ಬರೆಯಿರಿ, ಟೀ ಅಂಗಡಿಯ ಬನ್ನನ್ನೂ ಬಿಡದೆ. ಉಳಿದ ಹಂತಗಳು ಆಮೇಲೆ.

ಹಂತ 2: ಕೆಲಸ ನೋಡಿ ಹೊತ್ತು ಆರಿಸಿಕೊಳ್ಳಿ

ಬೆಳಿಗ್ಗೆಯೇ ಮಾಡಬೇಕೆಂಬ ಶಾಸ್ತ್ರವಿಲ್ಲ. ಬೆಂಗಳೂರಿಗೆ ರೈಲು ಹಿಡಿಯುವವರಿಗೆ ಬೆಳಗಿನ ಹೊತ್ತು ಸಿಗುವುದೇ ಇಲ್ಲ. ಸಂಜೆ ಸ್ಟೇಷನ್ನಿನಿಂದ ಮನೆಗೆ ನಡೆದು ಬಂದರೆ ಅದೇ ವ್ಯಾಯಾಮ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತು ತಿರುಗುವ ಮರಕ್ಕೆ ಅರಗು ಒತ್ತುವವರ ಕೈಗೆ ದಿನವಿಡೀ ಕೆಲಸ, ಕಾಲಿಗೆ ಇಲ್ಲ. ಅವರಿಗೆ ಒಂದೇ ಸಲ ಒಂದು ಗಂಟೆಗಿಂತ, ತಿಂಡಿ ಆದ ಮೇಲೊಮ್ಮೆ, ಊಟ ಆದ ಮೇಲೊಮ್ಮೆ ಹತ್ತು ಹತ್ತು ನಿಮಿಷದ ನಡಿಗೆ ಸುಲಭ. ಕನಕಪುರದ ಕಡೆ ರೇಷ್ಮೆ ಮಾಡುವ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪು ಕೊಯ್ದು ಹಾಕುವುದೇ ಹಗಲೂ ರಾತ್ರಿ. ಆ ದಿನಗಳಲ್ಲಿ ಬೇರೆ ವ್ಯಾಯಾಮ ಬೇಡ, ಊಟ ತಪ್ಪಿಸದಿದ್ದರೆ ಸಾಕು. ಹುಳು ಗೂಡು ಕಟ್ಟಲು ಚಂದ್ರಿಕೆಗೆ ಹೋದ ಮೇಲೆ ನಡಿಗೆ ಶುರು ಮಾಡಿ.

ಹಂತ 3: ಮೊದಲು ಏನು ತಿನ್ನಬೇಕು

ಮುದ್ದೆ ಊಟ ಮಾಡಿದ್ದರೆ ಓಟಕ್ಕೋ ಜಿಮ್ಮಿಗೋ ಮೂರು ಗಂಟೆ ಬಿಡಿ. ಒಂದು ಗಂಟೆ ಮಾತ್ರ ಇದೆಯೆಂದರೆ ಒಂದು ಬಾಳೆಹಣ್ಣು, ಇಲ್ಲವೇ ಮಜ್ಜಿಗೆ ಬೆರೆಸಿದ ಅರ್ಧ ಲೋಟ ರಾಗಿ ಅಂಬಲಿ. ಮುಕ್ಕಾಲು ಗಂಟೆಯೊಳಗಿನ ನಡಿಗೆಗೆ ನೀರು ಸಾಕು, ಒಗ್ಗುವವರು ಬರೀ ಹೊಟ್ಟೆಯಲ್ಲೇ ಹೋಗಬಹುದು. ಸಕ್ಕರೆ ಇಲ್ಲದ ಕಾಫಿಗೂ ಅಡ್ಡಿಯಿಲ್ಲ. ಮಾಗಡಿಯ ಸಾವನದುರ್ಗ ಹತ್ತುವ ದಿನ ಮಾತ್ರ ಈ ಮಾತು ನಡೆಯುವುದಿಲ್ಲ. ಬಂಡೆ ಕಡಿದು, ನೆರಳು ಕಮ್ಮಿ, ಇಳಿಯುವಾಗ ಕಾಲು ನಡುಗಿದರೆ ಅಪಾಯ. ಹೊರಡುವ ಮೊದಲು ಎರಡು ಇಡ್ಲಿಯಾದರೂ ಹೊಟ್ಟೆಯಲ್ಲಿರಲಿ, ಬೆನ್ನಿಗೆ ನೀರಿರಲಿ.

ಹಂತ 4: ಆಮೇಲಿನ ಊಟ, ಮತ್ತು ಬಸ್ಸಾರಿನ ಪಲ್ಯ

ವ್ಯಾಯಾಮ ಮುಗಿಸಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಪುಡಿ ಕಲಸಿ ಕುಡಿಯದಿದ್ದರೆ ಎಲ್ಲಾ ಹಾಳು ಎಂದು ಜಿಮ್ಮಿನಲ್ಲಿ ಹೇಳುತ್ತಾರೆ. ಅಂಥ ಅವಸರವೇನೂ ಇಲ್ಲ. ಎರಡು ಗಂಟೆಯೊಳಗೆ ಮನೆಯ ಊಟ ಮಾಡಿದರೆ ನಡೆಯುತ್ತದೆ. ನೋಡಬೇಕಾದ್ದು ದಿನಕ್ಕೆ ಎಷ್ಟು ಪ್ರೋಟೀನ್ ಹೋಯಿತು ಎಂಬುದನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು ದೊಡ್ಡವರಿಗೆ ತೂಕದ ಕಿಲೋಗೆ 0.83 ಗ್ರಾಂ, ಭಾರ ಎತ್ತಿ ಸ್ನಾಯು ಉಳಿಸಿಕೊಂಡು ಕೊಬ್ಬು ಇಳಿಸುವವರಿಗೆ ಇನ್ನೂ ಹೆಚ್ಚು ಬೇಕು.

ನಮ್ಮ ಊಟದಲ್ಲಿ ಅದು ಎಲ್ಲಿ ತಪ್ಪುತ್ತದೆ ನೋಡಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ, ಪ್ರೋಟೀನ್ ಬರೀ 7 ಗ್ರಾಂ. ಹುರುಳಿಯಲ್ಲಾದರೆ 100 ಗ್ರಾಂ ಕಾಳಿಗೆ ಸುಮಾರು 22 ಗ್ರಾಂ. ಬಸ್ಸಾರು ಮಾಡುವಾಗ ಕಾಳು, ಸೊಪ್ಪು ಬೇಯಿಸಿ ಬಸಿಯುತ್ತೇವೆ. ಬಸಿದ ನೀರು ಖಾರ ಸೇರಿ ಸಾರಾಗುತ್ತದೆ, ಕಾಳು ಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಮುದ್ದೆಯನ್ನು ಸಾರಿನಲ್ಲೇ ಅದ್ದಿ ನುಂಗಿ ಎದ್ದುಬಿಟ್ಟರೆ ಪ್ರೋಟೀನೆಲ್ಲ ಪಲ್ಯದ ಬಟ್ಟಲಲ್ಲೇ ಉಳಿಯಿತು. ಹಾಗಾಗಿ ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿಸಿ, ಪಲ್ಯ ಎರಡು ಪಾಲು ಹಾಕಿಸಿಕೊಳ್ಳಿ. ಅವರೆಕಾಯಿ ಕಾಲದಲ್ಲಿ ಮಾಗಡಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ ಪ್ರೋಟೀನ್ ಲೆಕ್ಕ. ಬಾಡೂಟದ ದಿನ ತುಂಡನ್ನು ಮೊದಲು ತಿನ್ನಿ, ಅನ್ನ ಕೊನೆಗೆ.

ಹಂತ 5: ಊಟವಾದ ಮೇಲೆ ಕೂರಬೇಡಿ

ಹೊತ್ತು ನಿಜವಾಗಿ ಕೆಲಸ ಮಾಡುವುದು ಇಲ್ಲಿ, ರಕ್ತದ ಸಕ್ಕರೆಯ ವಿಷಯದಲ್ಲಿ. ನ್ಯೂಜಿಲೆಂಡಿನಲ್ಲಿ 41 ಮಂದಿ ಮಧುಮೇಹಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ, ಊಟದ ಬಳಿಕ ಏರುವ ಸಕ್ಕರೆ ಸರಾಸರಿ ಶೇಕಡಾ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರದ ನಡಿಗೆಯಲ್ಲಿ ಲಾಭ ಇನ್ನೂ ಹೆಚ್ಚು. ಒಂಬತ್ತಕ್ಕೆ ಮನೆ ಸೇರಿ ಉಂಡು ಸೀರಿಯಲ್ ಮುಂದೆ ಕೂರುವವರು ಬೀದಿಯ ತುದಿವರೆಗೆ ಎರಡು ಸಲ ಹೋಗಿ ಬನ್ನಿ. ಬಿರುಸು ಬೇಕಿಲ್ಲ.

ಬಿಡದಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು ಮುಖ್ಯ ಊಟವನ್ನು ಪಾಳಿಗೆ ಹೋಗುವ ಮೊದಲೇ ಮುಗಿಸಲಿ. ನಡುರಾತ್ರಿ ಪಲಾವ್ ಬದಲು ಮೊಟ್ಟೆ, ಮೊಳಕೆಕಾಳು, ಮಜ್ಜಿಗೆ. ವ್ಯಾಯಾಮ ನಿದ್ದೆ ಆದ ಮೇಲೆ, ಪಾಳಿ ಮುಗಿದ ಸುಸ್ತಿನಲ್ಲಿ ಅಲ್ಲ.

ಮಾತ್ರೆ ತಗೊಳ್ಳುವವರಿಗೆ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಡಾಕ್ಟರನ್ನು ಕೇಳದೆ ಬರೀ ಹೊಟ್ಟೆಯ ನಡಿಗೆಗೆ ಇಳಿಯಬಾರದು. ಸಕ್ಕರೆ ದಿಢೀರ್ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇರಲಿ. ಬಸುರಿಯರು, ಬಾಣಂತಿಯರು ಊಟ ಬಿಟ್ಟು ತೂಕ ಇಳಿಸುವ ಯೋಚನೆಯನ್ನೇ ಮಾಡಬಾರದು.

ಹಂತ 6: ತಕ್ಕಡಿಗಿಂತ ಟೇಪು

ಟೈಲರ್ ಟೇಪು ತನ್ನಿ. ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮೊದಲು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಸೊಂಟ ಅಳೆಯಿರಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯ ಬೊಜ್ಜು ಹೆಚ್ಚಾಗಿದೆ ಎಂದರ್ಥ. ಅಳೆಯುವ ದಿನ ಸೋಮವಾರ ಬೇಡ. ಭಾನುವಾರದ ಬಾಡೂಟದ ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಟು ತಕ್ಕಡಿ ಒಂದು ಕಿಲೋ ಸುಮ್ಮನೆ ಹೆಚ್ಚು ತೋರಿಸಬಹುದು, ಹೊಟ್ಟೆಯೂ ಉಬ್ಬಿರುತ್ತದೆ. ಗುರುವಾರವೋ ಶುಕ್ರವಾರವೋ ಇಟ್ಟುಕೊಳ್ಳಿ.