ದೆಹಲಿಯಿಂದ ಬರುವ ಅಗ್ಗದ ಝಡ್4 ಕೊಳ್ಳಬಹುದೆ?

ಪ್ರಶ್ನೆ: ಮಕ್ಕಳ ಓದು ಮುಗಿದಿದೆ, ಮನೆ ಸಾಲವೂ ತೀರಿದೆ. ಚಾವಣಿ ತೆರೆದು ಓಡಿಸುವ ಎರಡು ಸೀಟಿನ ಕಾರು ಕೊಳ್ಳಬೇಕೆಂಬುದು ಕಾಲೇಜು ದಿನಗಳಿಂದಲೂ ಇರುವ ಆಸೆ. ಪರಿಚಯದ ಬ್ರೋಕರ್ ಒಬ್ಬರು ದೆಹಲಿ ನೋಂದಣಿಯ, 12 ವರ್ಷ ಹಳೆಯ ಬಿಎಂಡಬ್ಲ್ಯು ಝಡ್4 ಕಾರನ್ನು 21 ಲಕ್ಷಕ್ಕೆ ಕೊಡಿಸುತ್ತೇನೆ ಎನ್ನುತ್ತಾರೆ. ಕರ್ನಾಟಕ ನೋಂದಣಿಯ ಅಂಥದ್ದೇ ಕಾರಿಗೆ 29 ಲಕ್ಷ ಹೇಳುತ್ತಿದ್ದಾರೆ. ಅಗ್ಗದ್ದನ್ನೇ ಕೊಳ್ಳಲೆ? ನಮ್ಮ ಕಡೆಯ ರಸ್ತೆಗಳಲ್ಲಿ ಅದು ಓಡೀತೆ? ನಾವಿಬ್ಬರೂ ಆಗಾಗ ಮೈಸೂರಿಗೆ ಹೋಗಿ ಬರುತ್ತೇವೆ, ಅದಕ್ಕಾದೀತೆ?
— ಓದುಗರು, ಬಸವೇಶ್ವರನಗರ

ಉತ್ತರ: ಕಾರು ಕೊಳ್ಳಿ, ದೆಹಲಿಯದು ಬೇಡ. ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ, ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಂಥ ಕಾರುಗಳ ವಿಷಯದಲ್ಲಿ ಒಂದು ಮಾತು ಮೊದಲೇ ಮನಸ್ಸಿಗೆ ಬರಬೇಕು. ವರ್ಷ ಕಳೆದಂತೆ ಇಳಿಯುವುದು ಕಾರಿನ ಮಾರಾಟದ ಬೆಲೆ ಮಾತ್ರ. ಬಿಡಿಭಾಗ, ರಿಪೇರಿ, ತೆರಿಗೆ ಇವೆಲ್ಲ ಕಾರು ಷೋರೂಮಿನಲ್ಲಿದ್ದಾಗಿನ ಬೆಲೆಯನ್ನೇ ಹಿಡಿದು ನಿಂತಿರುತ್ತವೆ. ನೀವು ಕೊಡುವುದು 21 ಲಕ್ಷವಾದರೂ ಸಾಕಬೇಕಾದ್ದು 69 ಲಕ್ಷದ ಕಾರನ್ನು. 2013ರ ಕೊನೆಯಲ್ಲಿ ಸ್ವಲ್ಪ ರೂಪ ಬದಲಿಸಿಕೊಂಡು ಬಂದ ಝಡ್4 ಎಸ್‌ಡ್ರೈವ್35ಐ ಕಾರಿನ ಷೋರೂಮ್ ಬೆಲೆ ಸುಮಾರು ಅಷ್ಟೇ ಇತ್ತು. ನಿಮ್ಮ ಬ್ರೋಕರ್ ಹೇಳುತ್ತಿರುವುದು ಆ ಕಾಲದ ಕಾರೇ ಇರಬೇಕು.

ದೆಹಲಿ ಕಾರು ಯಾಕೆ ಅಗ್ಗ? ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರು, 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡುವಂತಿಲ್ಲ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಆದೇಶಗಳು ಬಿಗಿಯಾಗುವುದು, ಸಡಿಲವಾಗುವುದು ನಡೆದೇ ಇದೆ. ಅಲ್ಲಿನ ಮಾಲೀಕರಿಗಂತೂ ಆ ಭಯ ಹೋಗಿಲ್ಲ, ಅವಧಿ ಹತ್ತಿರವಾಗುತ್ತಿದ್ದಂತೆ ಸಿಕ್ಕ ಬೆಲೆಗೆ ಕಾರು ದಾಟಿಸುತ್ತಾರೆ. ಅಂದರೆ ಅಗ್ಗದ ಬೆಲೆ ಕಾರು ಕೆಟ್ಟಿದೆ ಎಂಬುದರ ಗುರುತಲ್ಲ. ಆದರೆ ಆ ಅಗ್ಗ ಕರ್ನಾಟಕದ ಗಡಿಯೊಳಗೆ ಬರುವಷ್ಟರಲ್ಲಿ ಕರಗುತ್ತದೆ.

ಲೆಕ್ಕ ಹಾಕಿ ನೋಡೋಣ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ 18%, ಅದರ ಮೇಲೆ ಸೆಸ್. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸು ನೋಡಿ ಇದನ್ನು ಹಂತಹಂತವಾಗಿ ಇಳಿಸುತ್ತಾರೆ, ಪೂರ್ತಿ ಬಿಡುವುದಿಲ್ಲ. 69 ಲಕ್ಷಕ್ಕೆ 18% ಎಂದರೆ 12.42 ಲಕ್ಷ. ಅದರಲ್ಲಿ ಅರ್ಧ ಎಂದಿಟ್ಟುಕೊಂಡರೂ 6.21 ಲಕ್ಷ. ದೆಹಲಿಯಿಂದ ಟ್ರಕ್ಕಿನಲ್ಲಿ ತರಿಸುವ ಖರ್ಚು, ಬ್ರೋಕರ್ ಕಮಿಷನ್, ಎರಡು ಆರ್‌ಟಿಒಗಳ ಓಡಾಟ ಸೇರಿಸಿ. ನಿಮಗೆ ಕಾಣುತ್ತಿರುವ 8 ಲಕ್ಷದ ಉಳಿತಾಯದಲ್ಲಿ ಕೈಗೆ ಎಷ್ಟು ಸಿಕ್ಕೀತು? ಆ ಚಿಲ್ಲರೆಗಾಗಿ ನೀವು ಬಿಟ್ಟುಕೊಡುತ್ತಿರುವುದು ಬಹಳ ದೊಡ್ಡದು: ಕಣ್ಣೆದುರೇ ಇರುವ ಕಾರನ್ನು ಮತ್ತೆ ಮತ್ತೆ ಹೋಗಿ ನೋಡುವ, ಅದರ ಮಾಲೀಕರ ಜೊತೆ ಕೂತು ಮಾತಾಡುವ, ಸರ್ವೀಸ್ ಮಾಡಿದ ಗ್ಯಾರೇಜಿನಲ್ಲೇ ವಿಚಾರಿಸುವ ಅವಕಾಶ. ನಿಖರ ತೆರಿಗೆ ಬೇಕಿದ್ದರೆ ಮುಂಗಡ ಕೊಡುವ ಮೊದಲೇ ಕಾರಿನ ಮೂಲ ಇನ್‌ವಾಯ್ಸ್ ಹಿಡಿದುಕೊಂಡು ರಾಜಾಜಿನಗರದ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ನಿಮ್ಮದು ಕೆಎ-02 ವ್ಯಾಪ್ತಿ. ಕೆಂಗೇರಿ ಕಡೆಯವರಾದರೆ ಜ್ಞಾನಭಾರತಿಯ ಕೆಎ-41.

"ಒಂದು ವರ್ಷ ಡಿಎಲ್ ನಂಬರಿನಲ್ಲೇ ಓಡಿಸಿ ಸಾರ್, ಯಾರೂ ಕೇಳೋಲ್ಲ" ಎಂದು ಬ್ರೋಕರ್ ಖಂಡಿತ ಹೇಳುತ್ತಾರೆ. ಕೇಳಬೇಡಿ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಲ್ಲಿರುವ 12 ತಿಂಗಳ ವಾಯಿದೆ ನೋಂದಣಿ ಸಂಖ್ಯೆ ಬದಲಿಸುವುದಕ್ಕೆ. ಕಾರು ಕೊಂಡವರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು 50ನೇ ಕಲಮು ಕೊಡುವುದು 30 ದಿನ. 2025ರ ಫೆಬ್ರುವರಿಯಲ್ಲಿ ನಮ್ಮ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟದೆ ಓಡುತ್ತಿದ್ದ ಹೊರರಾಜ್ಯದ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಅವುಗಳಲ್ಲಿ ಫೆರಾರಿ, ಪೋರ್ಶೆ, ಬಿಎಂಡಬ್ಲ್ಯು ಎಲ್ಲ ಇದ್ದವು. ಅದೇ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಕೆಂಪು ಫೆರಾರಿಗೆ ದಂಡವೂ ಸೇರಿ ಸುಮಾರು 1.42 ಕೋಟಿ ಕಟ್ಟಿಸಿಕೊಂಡಿತು. ಚಾವಣಿ ತೆರೆದ ಎರಡು ಸೀಟಿನ ಕಾರು ನವರಂಗ್ ವೃತ್ತದಲ್ಲಿ ಸಿಗ್ನಲ್ಲಿಗೆ ನಿಂತರೆ ಎಲ್ಲರ ಕಣ್ಣೂ ಅದರ ಮೇಲೆಯೇ. ನಂಬರ್ ಪ್ಲೇಟ್ ಮರೆಸುವ ಮಾತೇ ಇಲ್ಲ.

ಇಲ್ಲಿನ ಕಾರಾದರೂ ಕಾಗದಪತ್ರ ನೋಡದೆ ಹಣ ಕೊಡಬೇಡಿ. ಮಾರುವವರು ಅಂಗಡಿಯವರಾದರೆ ಹಳೆ ಕಾರು ಮಾರಲು ಆರ್‌ಟಿಒ ಕೊಟ್ಟ ಅಧಿಕೃತ ಪತ್ರ ಇದೆಯೇ ಎಂದು ಕೇಳಿ, 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಫಾರಂ 35 ಬೇಕು. ಫಾರಂ 29 ಮತ್ತು 30ಕ್ಕೆ ಮಾಲೀಕರು ನಿಮ್ಮೆದುರೇ ಸಹಿ ಹಾಕಲಿ. ವಿಮೆ ನಿಮ್ಮ ಹೆಸರಿಗೆ ಬರುತ್ತದೆ, ಆದರೆ ನೋ ಕ್ಲೈಮ್ ಬೋನಸ್ ಹಳೆಯ ಮಾಲೀಕರ ಜೊತೆಯೇ ಹೋಗುತ್ತದೆ, ಹಾಗಾಗಿ ಪ್ರೀಮಿಯಂ ಏರುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಕಾರು. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನೀವು ನೋಡಬೇಕಾದ್ದು ಚಾವಣಿಯನ್ನು. ಎಂಜಿನ್ ನೋಡುವವರು ಊರ ತುಂಬ ಇದ್ದಾರೆ, ಚಾವಣಿ ನೋಡುವವರು ಕಡಿಮೆ. 2009ರಿಂದ 2016ರವರೆಗೆ ಬಂದ ಈ ಝಡ್4ಗೆ ಬಟ್ಟೆಯ ಟಾಪ್ ಇಲ್ಲ. ಅಲ್ಯುಮಿನಿಯಮ್ಮಿನ ಎರಡು ಹಲಗೆಗಳು ಸುಮಾರು 20 ಸೆಕೆಂಡಿನಲ್ಲಿ ಮಡಚಿಕೊಂಡು ಡಿಕ್ಕಿಯೊಳಗೆ ಇಳಿಯುತ್ತವೆ. ಹೈಡ್ರಾಲಿಕ್ ಪಂಪು, ಸಿಲಿಂಡರುಗಳು, ಹಲಗೆ ಎಲ್ಲಿಗೆ ಬಂತೆಂದು ಹೇಳುವ ಸಂವೇದಕಗಳು ಎಲ್ಲವೂ ಒಂದಕ್ಕೊಂದು ಹೊಂದಿ ಕೆಲಸ ಮಾಡಬೇಕು. ಒಂದು ಸಂವೇದಕ ಸುಳ್ಳು ಹೇಳಿದರೂ ಚಾವಣಿ ಅರ್ಧದಲ್ಲೇ ನಿಲ್ಲುತ್ತದೆ. ಡಿಕ್ಕಿಯ ಹಿಂಜಿನ ಹತ್ತಿರ ಹಾದುಹೋಗುವ ತಂತಿಗಳು ತೆರೆದಾಗ, ಮುಚ್ಚಿದಾಗ ಬಾಗಿ ಬಾಗಿ ಒಳಗೇ ತುಂಡಾಗುವುದೂ ಉಂಟು. ಆದ್ದರಿಂದ ಎಂಜಿನ್ ಚಾಲೂ ಇಟ್ಟು ಚಾವಣಿಯನ್ನು ಒಂದರ ಹಿಂದೊಂದು ಮೂರು ಸಲ ತೆರೆಸಿ, ಮುಚ್ಚಿಸಿ. ಎರಡೂ ಕಡೆ ಒಂದೇ ವೇಗದಲ್ಲಿ ಏಳಬೇಕು, ಪಂಪು ಏದುಸಿರು ಬಿಡಬಾರದು, ಕೊನೆಗೆ ಕೊಂಡಿ ಬಿಗಿಯಾಗಿ ಕೂರಬೇಕು. "ಬ್ಯಾಟರಿ ವೀಕ್ ಇದೆ, ಅದಕ್ಕೇ ತೆಗೆಯುತ್ತಿಲ್ಲ" ಎನ್ನುವವರಿಗೆ ಹೊಸ ಬ್ಯಾಟರಿ ಹಾಕಿಸಿದ ಮೇಲೆ ಕರೆಯಿರಿ ಎಂದು ಹೇಳಿ ಎದ್ದು ಬನ್ನಿ.

ಚಾವಣಿಯ ದೊಡ್ಡ ಶತ್ರು ನೀರು, ಅದರಲ್ಲೂ ನಮ್ಮ ಕಡೆಯ ನೀರು. ಇಂಥ ಕಾರುಗಳಲ್ಲಿ ರಬ್ಬರಿನ ಅಂಚಿಗೆ ಬಿದ್ದ ಮಳೆ ನೀರು ಸಣ್ಣ ಕೊಳವೆಗಳಲ್ಲಿ ಇಳಿದು ಕೆಳಗೆ ಹೋಗುವಂತೆ ಮಾಡಿರುತ್ತಾರೆ. ರಾಜಾಜಿನಗರ, ವಿಜಯನಗರದ ಹಳೆಯ ಬೀದಿಗಳಲ್ಲಿ ಮರದಡಿ ನಿಲ್ಲಿಸಿದ ಕಾರಿನ ಮೇಲೆ ವರ್ಷವಿಡೀ ಸಣ್ಣ ಎಲೆ, ಹೂವಿನ ಎಸಳು, ಧೂಳು ಬೀಳುತ್ತಲೇ ಇರುತ್ತವೆ. ತಾರಸಿಯ ನೀರಿನ ಕೊಳವೆ ಕಟ್ಟಿಕೊಂಡಾಗ ಗೋಡೆ ತೇವ ಕುಡಿಯುವಂತೆ, ಇಲ್ಲಿ ಕೊಳವೆ ಮುಚ್ಚಿಕೊಂಡರೆ ನೀರು ಸೀಟಿನ ಹಿಂದೆ, ಡಿಕ್ಕಿಯ ತಳದಲ್ಲಿ ನಿಲ್ಲುತ್ತದೆ. ಪಂಪು, ಕಂಟ್ರೋಲ್ ಯೂನಿಟ್ಟುಗಳು ಇರುವುದೂ ಹಿಂಭಾಗದಲ್ಲೇ. ಇದಕ್ಕಿಂತ ಹಿಂದಿನ, ಬಟ್ಟೆ ಟಾಪಿನ ಝಡ್4ನಲ್ಲಿ ಹೀಗೆ ನಿಂತ ನೀರಿಗೆ ಚಾವಣಿಯ ಮೋಟರ್ ಸುಟ್ಟುಹೋಗುವುದು ಲೋಕಕ್ಕೆಲ್ಲ ಗೊತ್ತಿರುವ ಕಾಯಿಲೆ. ಹಾಗಾಗಿ ಮಾಲೀಕರ ಒಪ್ಪಿಗೆ ಪಡೆದು ಚಾವಣಿಯ ಅಂಚಿಗೆ ನಿಧಾನವಾಗಿ ಎರಡು ಬಕೆಟ್ ನೀರು ಸುರಿಯಿರಿ. ಕಾರಿನ ಕೆಳಗೆ ಎರಡೂ ಪಕ್ಕ ನೀರು ಇಳಿಯಬೇಕು. ಡಿಕ್ಕಿಯ ಕಾರ್ಪೆಟ್ ಎತ್ತಿ ಕೈಯಾಡಿಸಿ, ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೆಲೆ ಎಷ್ಟು ಇಳಿಸಿದರೂ ಬೇಡ.

ಇದರ ಜೊತೆಗೇ ಪ್ರವಾಹದ ಕಾರಿನ ಮಾತು. 2015 ಮತ್ತು 2023ರಲ್ಲಿ ಚೆನ್ನೈ ಮುಳುಗಿತು, 2022ರ ಸೆಪ್ಟೆಂಬರಿನಲ್ಲಿ ನಮ್ಮ ಊರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತವು. ಅಂಥ ಕಾರುಗಳು ತೊಳೆದು ಒಣಗಿಸಿ ಮತ್ತೆ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಗೆರೆ ಸಿಗುತ್ತದೆ. ಸೀಟಿನ ಅಡಿಯ ಬೋಲ್ಟುಗಳ ತುಕ್ಕೂ ಸುಳ್ಳು ಹೇಳುವುದಿಲ್ಲ. ವಿಮಾ ಕ್ಲೈಮಿನ ಇತಿಹಾಸ ಕೇಳಿ ಪಡೆಯಿರಿ.

35ಐ ಎಂಜಿನ್ ಬಗ್ಗೆ ನನಗೆ ಗೌರವವಿದೆ. ಮೂರು ಲೀಟರು, ಸಾಲಾಗಿ ಆರು ಸಿಲಿಂಡರು, ಎರಡು ಟರ್ಬೊ, 306 ಅಶ್ವಶಕ್ತಿ. ಆದರೆ ಅದರ ಅಧಿಕ ಒತ್ತಡದ ಪೆಟ್ರೋಲ್ ಪಂಪು ಕೈಕೊಡುತ್ತದೆ ಎಂದು 2010ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು. ವಿದ್ಯುತ್ ಚಾಲಿತ ವಾಟರ್ ಪಂಪು, ಇಂಜೆಕ್ಟರುಗಳು ಕೂಡ ಹಣ ಕೇಳುವ ಜಾಗಗಳು. ನೀವು ನೋಡಲು ಹೋದಾಗ ಬಾನೆಟ್ ತಣ್ಣಗಿರಬೇಕು, ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿದ್ದಾರೆ. ಹೆಚ್ಚು ಶಕ್ತಿಗಾಗಿ ಸಾಫ್ಟ್‌ವೇರ್ ಬದಲಿಸಿದ ಕಾರು ಬೇಡ. ಜರ್ಮನ್ ಕಾರುಗಳನ್ನೇ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಹಣ ಕೊಟ್ಟು ಕರೆದೊಯ್ದು, ಸ್ಕ್ಯಾನರ್ ಹಾಕಿಸಿ, ಹಳೆಯ ದೋಷಗಳ ಪಟ್ಟಿ ಓದಿಸಿ. ಫಿಲ್ಟರ್, ಬ್ರೇಕ್ ಪ್ಯಾಡ್, ಪ್ಲಗ್ ಮೊದಲಾದವು ಬೇರೆ ಬಿಎಂಡಬ್ಲ್ಯುಗಳಿಗೂ ಹೊಂದುವುದರಿಂದ ಊರಲ್ಲೇ ಸಿಗುತ್ತವೆ. ಚಾವಣಿಯ ರಬ್ಬರು, ಹಿಂದಿನ ಗಾಜು, ಹೆಡ್‌ಲ್ಯಾಂಪ್ ಹಾಗಲ್ಲ. ಈ ಕಾರು ಚೆನ್ನೈನ ಕಾರ್ಖಾನೆಯಲ್ಲಿ ಜೋಡಿಸಿದ್ದಲ್ಲ, ಜರ್ಮನಿಯ ರೇಗೆನ್ಸ್‌ಬುರ್ಗ್‌ನಿಂದ ಇಡಿಯಾಗಿ ಬಂದದ್ದು. ತರಿಸಿಕೊಂಡು ವಾರಗಟ್ಟಲೆ ಕಾಯಬೇಕು. ಆದ್ದರಿಂದ ಕಾರಿಗೆಂದು ಎತ್ತಿಟ್ಟ ಹಣದಲ್ಲಿ ಐದನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆ ಮುಟ್ಟದೆ ಇಡಿ.

ರಸ್ತೆಯ ಬಗ್ಗೆ ಕೇಳಿದಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥ ಹಂಪನ್ನು ಝಡ್4 ನಿಧಾನಕ್ಕೆ ಏರಿ ಇಳಿಯುತ್ತದೆ. ನಮ್ಮ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಹಾಕುವ ಕಡಿದಾದ ಉಬ್ಬುಗಳದ್ದೇ ತೊಂದರೆ. ನೀವು ಕಾರು ನಿಲ್ಲಿಸುವ ಜಾಗದಿಂದ ಮುಖ್ಯ ರಸ್ತೆಗೆ ಯಾವ ಅಡ್ಡರಸ್ತೆ ಸಲೀಸು ಎಂದು ಮೊದಲೇ ಓಡಾಡಿ ಗುರುತಿಸಿಕೊಳ್ಳಿ, ಮನೆಯ ಗೇಟಿನ ಇಳಿಜಾರನ್ನೂ ನೋಡಿ. ಟೈರುಗಳು ರನ್‌ಫ್ಲಾಟ್, ಸ್ಟೆಪ್ನಿ ಇಲ್ಲ. 18 ಇಂಚಿನ ಚಕ್ರವಾದರೆ ಮುಂದೆ 225/40, ಹಿಂದೆ 255/35. ಪಕ್ಕ ಇಷ್ಟು ಗಿಡ್ಡವಿದ್ದರೆ ಗುಂಡಿಯ ಏಟು ನೇರ ರಿಮ್ಮಿಗೆ ಬೀಳುತ್ತದೆ, ನಾಲ್ಕೂ ರಿಮ್ಮುಗಳ ಒಳಮುಖದಲ್ಲಿ ಸೀಳಿದೆಯೇ ಪರೀಕ್ಷಿಸಿ. ಟೈರಿನ ಮೇಲಿನ ನಾಲ್ಕಂಕಿಯಲ್ಲಿ ವಾರ, ವರ್ಷ ಇರುತ್ತದೆ. ಓಡಿಸಿ ನೋಡಲು ಸಿರ್ಸಿ ವೃತ್ತದ ಮೇಲ್ಸೇತುವೆಗೆ ಹೋಗಿ. ಅದರ ಕೀಲುಗಳ ಮೇಲೆ ರೇಡಿಯೊ ಆರಿಸಿ ಸಾಗಿದರೆ ಚಾವಣಿಯ ಕಿರುಗುಟ್ಟುವಿಕೆ, ಸಸ್ಪೆನ್ಷನ್ನಿನ ಬಡಿತ ಎರಡೂ ಕೇಳಿಸುತ್ತವೆ. ಆಮೇಲೆ ಮಾಗಡಿ ರಸ್ತೆಯಿಂದ ನೈಸ್ ರಸ್ತೆ ಹತ್ತಿ ಕೆಂಗೇರಿ ಕಡೆಗೆ ಬನ್ನಿ, ಗೇರ್ ಬಾಕ್ಸಿನ ನಡತೆ ಅಲ್ಲಿ ಗೊತ್ತಾಗುತ್ತದೆ.

ಮೇಲೆ ಶೀಟ್ ಇರುವ ಜಾಗ ಮನೆಯಲ್ಲಿ ಇಲ್ಲದಿದ್ದರೆ ಈ ಕಾರು ಬೇಡವೆಂದೇ ಹೇಳುತ್ತೇನೆ. ಬಿಸಿಲಿಗೆ ರಬ್ಬರು ಒಣಗಿ ಬಿರಿದರೆ ಸೆಪ್ಟೆಂಬರಿನ ಮಳೆ ಒಳಗೆ ಬರುತ್ತದೆ. ಪೆಟ್ರೋಲಿನಲ್ಲಿ ಈಗ 20% ಎಥನಾಲ್ ಇದೆ, ಅದು ತೇವ ಹೀರುತ್ತದೆ. ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ವಾರಕ್ಕೊಮ್ಮೆಯಾದರೂ ಓಡಿಸಿ.

ಝಡ್4 ಒಂದೇ ದಾರಿಯೂ ಅಲ್ಲ. ಮಡಚುವ ಲೋಹದ ಚಾವಣಿಯನ್ನು 1996ರಲ್ಲಿ ಜನಪ್ರಿಯಗೊಳಿಸಿದ್ದು ಮರ್ಸಿಡಿಸ್ ಎಸ್‌ಎಲ್‌ಕೆ. ಅದರ ಮೂರನೇ ತಲೆಮಾರಿನ ಎಸ್‌ಎಲ್‌ಕೆ 350 ನಮ್ಮಲ್ಲೂ ಮಾರಾಟವಾಗಿದೆ, ಟರ್ಬೊ ಇಲ್ಲದ ಅದರ ವಿ6 ಎಂಜಿನ್ ನಿಮ್ಮ ಬಗೆಯ ಓಡಾಟಕ್ಕೆ ಚೆನ್ನಾಗಿ ಒಗ್ಗುತ್ತದೆ. ಪೋರ್ಶೆ ಬಾಕ್ಸ್‌ಸ್ಟರ್ ಓಡಿಸುವ ಸುಖ ಮೂರರಲ್ಲೂ ಹೆಚ್ಚು, ಆದರೆ 2009ಕ್ಕಿಂತ ಹಿಂದಿನದಾದರೆ ಎಂಜಿನ್ನಿನೊಳಗಿನ ಐಎಂಎಸ್ ಬೇರಿಂಗ್ ಮುರಿದು ಇಡೀ ಎಂಜಿನ್ ಹೋಗುವ ಅಪಾಯವಿದೆ. ಇದನ್ನೆಲ್ಲ ಬರೆಯುವಾಗ ಸ್ಯಾನ್ ಸ್ಟಾರ್ಮ್ ನೆನಪಾಗುತ್ತದೆ. 1998ರಲ್ಲಿ ಬೆಂಗಳೂರಿನ ಸ್ಯಾನ್ ಮೋಟರ್ಸ್, ರೆನೋ ಕಂಪನಿಯ 1.2 ಲೀಟರ್ ಎಂಜಿನ್ ಇಟ್ಟು, ಫೈಬರ್ ಮೈಯ ಎರಡು ಸೀಟಿನ ತೆರೆದ ಕಾರನ್ನು ಗೋವಾದಲ್ಲಿ ತಯಾರಿಸಿತು. ನಮ್ಮೂರಿನವರು ಕಂಡ ಆ ಧೈರ್ಯದ ಕನಸು ಬೆಳೆಯಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಮೈಸೂರಿಗೆ ಧಾರಾಳವಾಗಿ ಹೋಗಿ. 119 ಕಿಲೋಮೀಟರಿನ ದಶಪಥ ಈ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ, ಕಾರುಗಳಿಗೆ ಅಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮೆರಾಗಳಿವೆ. ಚಾವಣಿ ಮುಚ್ಚಿದ್ದರೆ ಡಿಕ್ಕಿಯಲ್ಲಿ 310 ಲೀಟರ್ ಜಾಗ, ತೆರೆದರೆ 180 ಮಾತ್ರ. ಗಟ್ಟಿ ಸೂಟ್‌ಕೇಸ್ ಬಿಟ್ಟು ಎರಡು ಮೆತ್ತನೆಯ ಬ್ಯಾಗು ತೆಗೆದುಕೊಳ್ಳಿ. ಸೀಟು ಬಹಳ ಕೆಳಗಿದೆ, ಮಂಡಿ ನೋವಿರುವವರಿಗೆ ಏಳುವುದು ಕಷ್ಟ. 29 ಲಕ್ಷದ ಕಾರನ್ನು ನೋಡಲು ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರು ನಾಲ್ಕಾರು ಸಲ ಕೂತು ಎದ್ದು ನೋಡಲಿ. ಅವರು ಒಪ್ಪಿದರೆ, ಡಿಕ್ಕಿ ಒಣಗಿದ್ದರೆ, ಸರ್ವೀಸ್ ದಾಖಲೆ ಪೂರ್ತಿಯಿದ್ದರೆ ಒಂದೆರಡು ಲಕ್ಷ ಇಳಿಸಿ ಕೇಳಿ, ಕೊಂಡುಬಿಡಿ.