ಹೊಂಡದ ಪಾಚಿಗೆ ಮೈಲುತುತ್ತ ಹಾಕಲೇ?

ಪ್ರಶ್ನೆ: ಉಗಾರ ಖುರ್ದದ ನಮ್ಮ ಕಬ್ಬಿನ ಹೊಲದ ಕೃಷಿ ಹೊಂಡದಲ್ಲಿ ಬಣ್ಣ ಚೆಲ್ಲಿದಂತೆ ಹಸಿರು ಕೆನೆ ಕಟ್ಟಿದೆ. ಎಮ್ಮೆಗಳು ಅದೇ ನೀರು ಕುಡಿಯುತ್ತವೆ. ಮೈಲುತುತ್ತ ಹಾಕಬಹುದೇ?

ಉತ್ತರ: ಈಗ ಹಾಕಬೇಡಿ. ಇಂದೇ ಎಮ್ಮೆಗಳಿಗೆ ಬೋರ್‌ವೆಲ್ ನೀರು ಕೊಡಿ. ಹೊಂಡಕ್ಕೆ ಕೋಲು ಅದ್ದಿ ನೋಡಿ: ದಾರದಂತೆ ಜೋತುಬಿದ್ದರೆ ಸಾಮಾನ್ಯ ಪಾಚಿ, ಬಣ್ಣದಂತೆ ಮೆತ್ತಿಕೊಂಡರೆ ನೀಲಿ-ಹಸಿರು ಪಾಚಿ ಇರಬಹುದು. ಇದರ ಕೆಲವು ಜಾತಿಗಳ ವಿಷ ಯಕೃತ್ತನ್ನು ಕೆಡಿಸುತ್ತದೆ; ಕುದಿಸಿದರೂ ಹೋಗದು. ಮೈಲುತುತ್ತದ ತಾಮ್ರ ಪಾಚಿಯ ಕೋಶಗಳನ್ನು ಒಡೆದರೆ ಒಳಗಿನ ವಿಷ ಒಮ್ಮೆಲೇ ನೀರಿಗಿಳಿಯುತ್ತದೆ.

ಅಳತೆ ಹೇಳುವುದೂ ಕಷ್ಟ. ಗಡಸು ನೀರಿನಲ್ಲಿ ತಾಮ್ರದ ಕಸುವು ಕುಗ್ಗುತ್ತದೆ, ಮೆದು ನೀರಿನಲ್ಲಿ ಅಷ್ಟೇ ಪ್ರಮಾಣ ಮೀನು ಕೊಲ್ಲುತ್ತದೆ. ಹೊಲದ ಡಿಎಪಿ ಹರಿದು ರಂಜಕ ಹೆಚ್ಚಿದ್ದರೆ ಪಾಚಿ ಲೋಹವನ್ನು ತನ್ನೊಳಗಿನ ಫಾಸ್ಫೇಟ್ ಕಣಗಳಲ್ಲಿ ಕಟ್ಟಿಹಾಕಿ ತಾಳಿಕೊಳ್ಳಬಲ್ಲದು. ತಾಮ್ರ ಮಾತ್ರ ಹೂಳಿನಲ್ಲಿ ಉಳಿಯುತ್ತದೆ, ಆ ಹೂಳನ್ನು ನೀವು ಮತ್ತೆ ಹೊಲಕ್ಕೇ ಹಾಕುತ್ತೀರಿ.

ಗೊಬ್ಬರ ಮಳೆಗೆ ಹರಿಯದಂತೆ ಹೊಂಡದ ಸುತ್ತ ಬದು ಕಟ್ಟಿ, ಹುಲ್ಲು ಬೆಳೆಸಿ. ನನ್ನ ಮಟ್ಟಿಗೆ ನಿಜವಾದ ಮದ್ದು ಇದೇ. ನೀರಿನ ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೆನೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಎಮ್ಮೆ ಮೇವು ಬಿಟ್ಟರೆ, ನಡುಗಿದರೆ, ತೂರಾಡಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಮನೆಯವರಿಗೆ ವಾಂತಿ, ಮೈ ತುರಿಕೆ ಕಂಡರೆ ವೈದ್ಯರಿಗೆ ಹೊಂಡದ ಸಂಗತಿಯನ್ನೂ ತಿಳಿಸಿ.